ಪದಚರ್ಚೆ: ‘ಸೆಕೆಂಡ್ ಲೈನ್’ಗೆ ಹಿಮ್ಮೇಳ ಒಪ್ಪುತ್ತದೆಯೇ?

ಗೆಳೆಯರೇ,

ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸಿನ ಟ್ರೆಮೇ ಬಡಾವಣೆಯಲ್ಲಿ ವಾದ್ಯ ಕೇಳಿಸುತ್ತ, ನಡೆಯುತ್ತ ಕಪ್ಪು ಜನರ ಚರಿತ್ರೆ ಹೇಳುವ ಸುತ್ತಾಟಕ್ಕೆ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ‘ಸೆಕೆಂಡ್ ಲೈನ್’ಗೆ ಬಳಸಿದ ‘ಹಿಮ್ಮೇಳ’, ಗುಲಾಮರಿಗೆ ಬಳಸಿದ ‘ಜೀತದಾಳು’ ಎಂಬ ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಅಲ್ಲಿನ ಮೆರವಣಿಗೆಯಲ್ಲಿ ಮುಂದೆ ಸಾಗುವುದು ಹಿತ್ತಾಳೆ ವಾದ್ಯಗಳ ಬ್ಯಾಂಡು, ಅದನ್ನು ಕರೆಸಿದ ಸಂಘದವರು ಅಥವಾ, ಶವಯಾತ್ರೆಯಾದರೆ, ತೀರಿಕೊಂಡವರ ಮನೆಯವರು. ಕರೆಯಿಲ್ಲದೆ ಬೀದಿಯಿಂದ ಬಂದು ಸೇರಿ, ಕೊಡೆ, ಕರವಸ್ತ್ರ ಬೀಸುತ್ತ ಕುಣಿಯುವವರೇ ಸೆಕೆಂಡ್ ಲೈನ್. ಕರಡಿನ ‘ಹಿಮ್ಮೇಳ’ ಇದನ್ನು ತಲೆಕೆಳಗು ಮಾಡುತ್ತದೆ. ಯಕ್ಷಗಾನದಲ್ಲಿ ಹಿಮ್ಮೇಳವೆಂದರೆ ಭಾಗವತರು, ಮದ್ದಳೆ, ಚೆಂಡೆ, ಕುಣಿಯುವವರು ಮುಮ್ಮೇಳ. ‘ಎರಡನೇ ಸಾಲು’ ಎಂದರೆ ಎರಡನೇ ಸಾಲಿನ ನಾಯಕರು ನೆನಪಾಗುತ್ತಾರೆ, ‘ಹಿಂಬಾಲಕರು’ ಆಗಲೇ ರಾಜಕಾರಣಿಗಳ ಪಾಲಾಗಿದೆ.

‘ಸೆಕೆಂಡ್ ಲೈನ್’ ಲಯದ ಹೆಸರೂ ಹೌದು. ಶವಯಾತ್ರೆ ಹೋಗುವಾಗ ನಿಧಾನದ ಸ್ತುತಿಗೀತೆ. ಸ್ನೇರ್ ಡ್ರಮ್ಮಿನ ಕೆಳಹೊದಿಕೆಗೆ ತಾಗುವ ತಂತಿಗಳನ್ನು ಸಡಿಲಿಸಿ ದನಿಯನ್ನು ಮಂಕಾಗಿಸುತ್ತಾರೆ. ಶವವನ್ನು ಬೀಳ್ಕೊಟ್ಟ ಮೇಲೆ ತಂತಿ ಬಿಗಿಯಾಗುತ್ತದೆ, ಲಯ ಚುರುಕಾಗುತ್ತದೆ, ಜನ ಕುಣಿಯತೊಡಗುತ್ತಾರೆ. ಆದ್ದರಿಂದ ಲಯಕ್ಕೆ ‘ಸೆಕೆಂಡ್ ಲೈನ್’ ಎಂದೇ ಉಳಿಸಿ, ಜನರಿಗೆ ‘ಕೂಡಿಕೊಂಡವರು’ ಎನ್ನುವುದು ನನ್ನ ಸಲಹೆ.

ಇನ್ನು ‘ಜೀತದಾಳು’. ಇದನ್ನು ತೆಗೆಯಲೇಬೇಕು. 1817ರ ನಗರಾಡಳಿತದ ಆಜ್ಞೆ ಗುಲಾಮರ ಕೂಟಗಳನ್ನು ಭಾನುವಾರಕ್ಕೂ ಗೊತ್ತುಮಾಡಿದ ಜಾಗಕ್ಕೂ ಕಟ್ಟಿಹಾಕಿತು. ಟ್ರೆಮೇಯ ಕಾಂಗೋ ಸ್ಕ್ವೇರ್ ಅಂಥ ಜಾಗ. ಆ ಗುಲಾಮರು ಜೀತದಾಳುಗಳಲ್ಲ: ಜೀತಕ್ಕೆ ಸಾಲದ ಲೆಕ್ಕವಿರುತ್ತದೆ. ಆಗಿನ ಲೂಯಿಸಿಯಾನದಲ್ಲಿ ಮನುಷ್ಯನೇ ಸೊತ್ತು, ತಾಯಿ ಗುಲಾಮಳಾದರೆ ಮಗುವೂ ಒಡೆಯನದೇ. ‘ಗುಲಾಮಗಿರಿಗೆ ದೂಡಿದ ಜನ’ ಎಂದರೆ ದೂಡಿದವರಿದ್ದಾರೆ ಎಂಬುದೂ ತಿಳಿಯುತ್ತದೆ. ಹಾಗೆಂದು ಎಲ್ಲ ಕಪ್ಪು ಜನರಿಗೂ ಅದನ್ನೇ ಬಳಸುವಂತಿಲ್ಲ: 1842ರಲ್ಲಿ ತೆರೆದ ಟ್ರೆಮೇಯ ಸೇಂಟ್ ಅಗಸ್ಟೀನ್ ಚರ್ಚಿನಲ್ಲಿ ಸ್ವತಂತ್ರ ಕಪ್ಪು ಜನರು ಹಣ ಕೊಟ್ಟು ಆಸನ ಪಡೆದದ್ದಲ್ಲದೆ, ಗುಲಾಮರು ಕೂರಲೆಂದು ಬದಿಯ ಆಸನಗಳನ್ನೂ ಕೊಂಡುಕೊಟ್ಟರು.

1819ರಲ್ಲಿ ವಾಸ್ತುಶಿಲ್ಪಿ ಲಾಟ್ರೋಬ್ ನ್ಯೂ ಆರ್ಲಿಯನ್ಸಿನ ಭಾನುವಾರದ ಕೂಟವೊಂದರಲ್ಲಿ ಕಂಡದ್ದು, ಸುಮಾರು ಒಂದು ಅಡಿ ಅಡ್ಡಳತೆಯ ಡ್ರಮ್ಮಿನ ಮೇಲೆ ಎರಡೂ ಬದಿಗೆ ಕಾಲು ಹಾಕಿ ಕೂತು ಕೈಯಂಚಿನಿಂದ, ಬೆರಳಿನಿಂದ ಬಡಿಯುತ್ತಿದ್ದ ಮುದುಕನನ್ನು. ಈ ವಾದ್ಯಕ್ಕೆ ‘ಮದ್ದಳೆ’ ಬೇಡ, ‘ಡ್ರಮ್ಮು’ ಸಾಕು. ಆಫ್ರಿಕಾ ಮೂಲದ ಸಿದ್ದಿಗಳ ಡಮಾಮಿ ಕುಣಿತ ಬಲ್ಲ ಯಲ್ಲಾಪುರ, ಹಳಿಯಾಳದ ಕಡೆಯವರು ಯಾರಾದರೂ ಇದ್ದರೆ ಒಂದು ಮಾತು ತಿಳಿಸಿ: ನಡುವೆ ಬಂದು ಕುಣಿತಕ್ಕೆ ಸೇರಿಕೊಳ್ಳುವವರನ್ನು ಸಿದ್ದಿಗಳ ಮಾತಿನಲ್ಲಿ ಏನೆನ್ನುತ್ತಾರೆ?