ಎರಡು ತಿಂಗಳಿಂದ ಪಿತ್ತದ ಗಂಧೆ: ಪಥ್ಯ ಮಾಡಬೇಕೋ, ಮಾತ್ರೆ ನುಂಗಬೇಕೋ?

ಪ್ರಶ್ನೆ
ಅಮ್ಮನಿಗೆ 52 ವರ್ಷ. ಎರಡು ತಿಂಗಳಿಂದ ಸಂಜೆಯಾದರೆ ಸೊಂಟ, ತೊಡೆ, ಬೆನ್ನಿನ ಮೇಲೆ ಪಿತ್ತದ ಗಂಧೆ ಏಳುತ್ತದೆ. ಬೆಳಗಾಗುವಷ್ಟರಲ್ಲಿ ಗುರುತೂ ಇರುವುದಿಲ್ಲ. ತುರಿಕೆ ತಡೆಯಲಾಗದಾಗ ಮಾತ್ರ ಸೆಟ್ರಿಜಿನ್ 10 ಮಿ.ಗ್ರಾಂ. ನುಂಗುತ್ತಾರೆ. ಒಂದೆರಡು ದಿನ ಆರಾಮ, ಮತ್ತೆ ಶುರು. ಬದನೆ, ಮೊಟ್ಟೆ, ಕಡಲೆಕಾಯಿ, ಮೀನು ಎಲ್ಲ ಬಿಟ್ಟಾಯಿತು. ದೊಡ್ಡ ಅಲರ್ಜಿ ಪ್ಯಾನೆಲ್ (ಹಲವು ಪದಾರ್ಥಗಳಿಗೆ ಒಟ್ಟಿಗೆ ಮಾಡುವ ಅಲರ್ಜಿ ಪರೀಕ್ಷೆ) ಮಾಡಿಸಬೇಕೇ? ಬಿಪಿ ಮಾತ್ರೆ ಇದೆ, ಮಂಡಿನೋವಿಗೆ ಆಗಾಗ ಡೈಕ್ಲೋಫೆನಾಕ್ ಕೂಡ.

ಉತ್ತರ 1
ಪ್ಯಾನೆಲ್‌ಗೆ ದುಡ್ಡು ಸುರಿಯಬೇಡಿ. ಊಟದ ಅಲರ್ಜಿಯಾದರೆ ತಿಂದ ಎರಡು ಗಂಟೆಯೊಳಗೆ, ತಿಂದಾಗಲೆಲ್ಲ ಏಳಬೇಕು. ಏನೇ ತಿಂದರೂ, ತಿನ್ನದಿದ್ದರೂ ಆರು ವಾರ ದಾಟಿ ಹೆಚ್ಚುಕಡಿಮೆ ದಿನವೂ ಏಳುವುದು ದೀರ್ಘಕಾಲದ ಗಂಧೆ. ಇದಕ್ಕೆ ಹೊರಗಿನ ಕಾರಣ ಸಿಗುವುದು ಅಪರೂಪ. ಹಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಮಾಸ್ಟ್ ಕೋಶಗಳನ್ನು (ತುರಿಕೆ, ಊತ ತರುವ ಹಿಸ್ಟಮಿನ್ ರಾಸಾಯನಿಕ ತುಂಬಿದ ಕೋಶಗಳು) ಕೆರಳಿಸುತ್ತಿರುತ್ತದೆ. ಪ್ಯಾನೆಲ್‌ನಲ್ಲಿ ನಾಲ್ಕು ಪದಾರ್ಥ ಪಾಸಿಟಿವ್ ಬಂದರೂ ಅವೇ ಕಾರಣ ಎಂದಾಗದು. ಸುಮ್ಮನೆ ಊಟ ಇನ್ನಷ್ಟು ಬಡವಾಗುತ್ತದೆ. ರಕ್ತಪರೀಕ್ಷೆಗಳಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ), ಉರಿಯೂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ಸಾಕು. ಚರ್ಮತಜ್ಞರು ಬೇಕೆಂದರೆ ಒಟ್ಟು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ), ಥೈರಾಯ್ಡ್‌ನ ಟಿಪಿಒ ಪ್ರತಿಕಾಯ ಸೇರಿಸುತ್ತಾರೆ.

ನಿಜವಾದ ತೊಂದರೆ ಇರುವುದು ಮಾತ್ರೆ ನುಂಗುವ ಕ್ರಮದಲ್ಲಿ. ಮಾಸ್ಟ್ ಕೋಶ ಉಗುಳಿದ ಹಿಸ್ಟಮಿನ್ ನರ, ರಕ್ತನಾಳಗಳಿಗೆ ಅಂಟುವ ಮುಂಚೆಯೇ ಮಾತ್ರೆ ಆ ಜಾಗ ಹಿಡಿದಿರಬೇಕು. ದದ್ದು ಎದ್ದ ಮೇಲೆ ನುಂಗಿದರೆ ಅರ್ಧ ಕೆಲಸ ಮುಗಿದುಹೋಗಿರುತ್ತದೆ. ಹಾಗಾಗಿ ಗಂಧೆ ಇರಲಿ ಇಲ್ಲದಿರಲಿ, ದಿನವೂ ಒಂದೇ ಹೊತ್ತಿಗೆ ಒಂದು. ಸೆಟ್ರಿಜಿನ್‌ಗೆ ತೂಕಡಿಕೆ ಬಂದರೆ ಫೆಕ್ಸೊಫೆನಡಿನ್ 180 ಅಥವಾ ಬಿಲಾಸ್ಟಿನ್ 20 ಮಿ.ಗ್ರಾಂ. ಕೇಳಿ. ಬಿಲಾಸ್ಟಿನ್ ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ. ಎರಡನ್ನೂ ಹಣ್ಣಿನ ರಸದ ಜೊತೆ ನುಂಗಬಾರದು, ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಎರಡರಿಂದ ನಾಲ್ಕು ವಾರಕ್ಕೂ ತಗ್ಗದಿದ್ದರೆ ವೈದ್ಯರು ಡೋಸನ್ನು ನಾಲ್ಕು ಪಟ್ಟಿನವರೆಗೂ ಏರಿಸುತ್ತಾರೆ. ಸ್ವಂತಕ್ಕೆ ಏರಿಸಬೇಡಿ, ಕಿಡ್ನಿ ದುರ್ಬಲವಿದ್ದರೆ ಸೆಟ್ರಿಜಿನ್ ಡೋಸನ್ನು ಇಳಿಸಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ನಾಲ್ಕು ವಾರಕ್ಕೊಮ್ಮೆ ಒಮಾಲಿಜುಮಾಬ್ 300 ಮಿ.ಗ್ರಾಂ. ಇಂಜೆಕ್ಷನ್ ಇದೆ, ದುಬಾರಿ.

ಉತ್ತರ 2
ಡೈಕ್ಲೋಫೆನಾಕ್ ಮೊದಲು ನಿಲ್ಲಿಸಿ. ಅದು, ಐಬುಪ್ರೊಫೆನ್, ಆಸ್ಪಿರಿನ್ ಇವು ದೀರ್ಘಕಾಲದ ಗಂಧೆಯವರಲ್ಲಿ ಅನೇಕರಿಗೆ ಕೆರಳಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಗ್ಗುತ್ತದೆ. (ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ ಇದ್ದರೆ ವೈದ್ಯರನ್ನು ಕೇಳದೆ ಬಿಡಬೇಡಿ.) ಬಿಪಿ ಮಾತ್ರೆಯ ಹೆಸರು ‘ಪ್ರಿಲ್’ ಎಂದು ಮುಗಿಯುತ್ತದೆಯೇ ನೋಡಿ: ಎನಾಲಾಪ್ರಿಲ್, ರಾಮಿಪ್ರಿಲ್. ಇವು ದದ್ದಿಲ್ಲದೆಯೇ ತುಟಿ, ನಾಲಿಗೆ ಊದಿಸಬಲ್ಲವು. ಅದಕ್ಕೆ ಅಲರ್ಜಿ ಮಾತ್ರೆ ಕೆಲಸ ಮಾಡುವುದಿಲ್ಲ. ಹಾಗೆ ಊದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸಬೇಕು.

ಉತ್ತರ 3
ಕಂಬಳಿಯಿಂದ ಮೈ ತಿಕ್ಕುವ ರೂಢಿ ನಮ್ಮಲ್ಲಿದೆ. ಮನೆಯಲ್ಲಿ ಯಾರಾದರೂ ಹೇಳಿದರೆ ದಯವಿಟ್ಟು ತಡೆಯಿರಿ. ಆ ಕ್ಷಣಕ್ಕೆ ಹಾಯೆನಿಸಿದರೂ ಉಜ್ಜಿದ ಕಡೆಯೆಲ್ಲ ಮಾಸ್ಟ್ ಕೋಶ ಮತ್ತೆ ಕೆರಳುತ್ತದೆ. ಸೊಂಟದಲ್ಲೂ ಏಳುತ್ತದೆ ಎಂದಿದ್ದೀರಿ: ಲಂಗದ ಲಾಡಿ, ಬಿಗಿ ಎಲಾಸ್ಟಿಕ್ ಸಡಿಲಿಸಿ. ತಣ್ಣೀರಲ್ಲಿ ಹಿಂಡಿದ ಬಟ್ಟೆ ಹತ್ತು ನಿಮಿಷ ಇಟ್ಟು ಮೇಲೆ ಕ್ಯಾಲಮೈನ್ ಹಚ್ಚಿ. ಸುಡುನೀರಿನ ಸ್ನಾನ ಬೇಡ. ಪುನರ್ಪುಳಿ ಶರಬತ್ತು ಕುಡಿಯಲಿ, ಆದರೆ ಮಾತ್ರೆಯ ಬದಲಿಗಲ್ಲ.

ಇನ್ನೊಂದು ಕೆಲಸ: ಒಂದು ದದ್ದಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆದಿಡಿ. ಅದೇ ದದ್ದು 24 ಗಂಟೆ ಮೀರಿ ಉಳಿದು, ಉರಿದು ನೋವಾಗಿ, ಕಂದಿದ ಕಲೆ ಬಿಟ್ಟರೆ ಅದು ರಕ್ತನಾಳದ ಉರಿಯೂತವಿರಬಹುದು, ಬಯಾಪ್ಸಿ (ಚರ್ಮದ ಚೂರು ತೆಗೆದು ಪರೀಕ್ಷೆ) ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ದದ್ದು ಆರೇಳು ಗಂಟೆಯಲ್ಲಿ ಮಾಯ, ತುಟಿ ಎಂದೂ ಊದಿಲ್ಲ. ಔಷಧಿ ಅಂಗಡಿಯವರು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದಾರೆ, ಕೊಡಲೇ?

ಉತ್ತರ 1
ಬೇಡ. ತೀರಾ ಉಲ್ಬಣಿಸಿದಾಗ ವೈದ್ಯರು ಹೆಚ್ಚೆಂದರೆ ಹತ್ತು ದಿನ ಕೊಡುವ ಔಷಧಿ ಅದು. ನಿಲ್ಲಿಸಿದೊಡನೆ ಗಂಧೆ ಮರಳುವುದು ಸಾಮಾನ್ಯ, ನಡುವೆ ಬಿಪಿ, ಸಕ್ಕರೆ ಏರುತ್ತವೆ. ಅದರ ಬದಲು ದಿನಚರಿ ಇಡಿ: ದಿನವೂ ದದ್ದಿಗೆ 0–3, ತುರಿಕೆಗೆ 0–3 ಅಂಕ, ವಾರಕ್ಕೆ ಗರಿಷ್ಠ 42. ಡೋಸ್ ಏರಿಸಬೇಕೋ ಇಳಿಸಬೇಕೋ ಎಂಬುದನ್ನು ವೈದ್ಯರು ಇದರಿಂದಲೇ ತೀರ್ಮಾನಿಸಬಲ್ಲರು. ಅಂಕ ಸೊನ್ನೆಗೆ ಬಂದು ಕೆಲವು ತಿಂಗಳು ನಿಂತ ಮೇಲೆ ಹಂತಹಂತವಾಗಿ ಇಳಿಸುತ್ತಾರೆ.

ಉತ್ತರ 2
ಗಂಧೆಯ ಜೊತೆ ದನಿ ಕಟ್ಟುವುದು, ಉಸಿರು ಸಿಕ್ಕುವುದು, ವಾಂತಿ, ತಲೆಸುತ್ತು ಕಂಡರೆ ಮಾತ್ರೆ ಹುಡುಕುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ ಅಂಗಾತ ಮಲಗಿಸಿ. ಉಸಿರಾಟ ಕಷ್ಟವಿದ್ದರೆ ಕೂರಿಸಿ. ಆಗ ಜೀವ ಉಳಿಸುವುದು ತೊಡೆಯ ಹೊರಬದಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್.