ಕಾಲೇಜು ನಾಟಕ ತಂಡದ ಗುಂಪಿನಲ್ಲಿ ಲಾರೆಟ್ ಟೇಲರ್

ನಾಗರಾಜ (ಫಾರ್ವರ್ಡ್): ಗಂಡ ಸತ್ತ ದುಃಖದಲ್ಲಿ ಕುಡಿತಕ್ಕೆ ಬಿದ್ದ ಅಮೆರಿಕದ ನಟಿ ಲಾರೆಟ್ ಟೇಲರ್ ಹದಿನಾರು ವರ್ಷ ರಂಗಭೂಮಿಯ ಕಡೆಗೆ ತಲೆ ಹಾಕಲಿಲ್ಲ. ಕೊನೆಗೊಂದು ದಿನ ಬಾಟಲಿ ಎಸೆದು ಎದ್ದು ನಿಂತಳು. ಒಂದೇ ರಾತ್ರಿಯಲ್ಲಿ ನ್ಯೂಯಾರ್ಕ್ ಅವಳ ಕಾಲಿಗೆ ಬಿತ್ತು. ಮನಸ್ಸಿದ್ದರೆ ಮಾರ್ಗ! ಹತ್ತು ಜನರಿಗೆ ಕಳುಹಿಸಿ.

ಪ್ರಮೀಳಾ: 🙏 ಮಗನಿಗೆ ಈಗಲೇ ಕಳುಹಿಸಿದೆ.

ವಸುಧಾ: ಕಳುಹಿಸಬೇಡ ಪ್ರಮೀಳಾ. ಅದರಲ್ಲಿ ನಿಜವಿರುವುದು ಆಕೆಯ ಹೆಸರು ಮತ್ತು ಬಾಟಲಿ, ಅಷ್ಟೇ.

ನಾಗರಾಜ: ಬಂದರಪ್ಪ ಮೇಷ್ಟರು. ಕುಡಿತ ಬಿಡಿ ಎಂದು ಹೇಳುವುದರಲ್ಲಿ ತಪ್ಪೇನಿದೆ?

ವಸುಧಾ: ಹೇಳು, ಯಾರು ಬೇಡ ಎಂದರು? ಅದಕ್ಕಾಗಿ ಆ ಹೆಂಗಸಿನ ಬದುಕನ್ನು ತಿರುಚಬೇಡ. ಗಂಡ ಹಾರ್ಟ್ಲಿ ಮ್ಯಾನರ್ಸ್ ತೀರಿಕೊಂಡದ್ದು 1928ರಲ್ಲಿ. 1932ರಲ್ಲೇ ಆಕೆ ಸ್ಕಾಟ್ಲೆಂಡಿನ ನಾಟಕಕಾರ ಜೆ. ಎಂ. ಬ್ಯಾರಿಯ ಎರಡು ನಾಟಕಗಳಲ್ಲಿ ಅಭಿನಯಿಸಿದ್ದಾರೆ. 1938ರ ಡಿಸೆಂಬರಿನಲ್ಲಿ ‘ಔಟ್‌ವರ್ಡ್ ಬೌಂಡ್’ ನಾಟಕದ ಮರುಪ್ರಯೋಗದಲ್ಲೂ ಅಭಿನಯಿಸಿದರು. ನಿರ್ದೇಶಕ ಆಟೊ ಪ್ರೆಮಿಂಜರ್. ಅದು ಇನ್ನೂರಕ್ಕೂ ಹೆಚ್ಚು ಪ್ರದರ್ಶನ ಕಂಡಿತು. ತಲೆ ಹಾಕದವರು ಮಾಡುವ ಕೆಲಸವೇ ಇದು?

‘ಒಂದೇ ರಾತ್ರಿ’ ಎನ್ನುವುದಂತೂ ಶುದ್ಧ ಸುಳ್ಳು. ನ್ಯೂಯಾರ್ಕ್ ಆಕೆಗೆ ಮಣಿದದ್ದು ಟೆನ್ನೆಸ್ಸೀ ವಿಲಿಯಮ್ಸ್‌ನ ‘ದಿ ಗ್ಲಾಸ್ ಮೆನಾಜರಿ’ ನಾಟಕಕ್ಕೆ. ಅದು ಮೊದಲು ರಂಗಕ್ಕೆ ಬಂದದ್ದು ಷಿಕಾಗೊದಲ್ಲಿ, 1944ರ ಡಿಸೆಂಬರ್ 26ರಂದು. ತಾಲೀಮಿನಲ್ಲಿ ಆಕೆ ಮಾತುಗಳನ್ನು ಗೊಣಗುತ್ತಿದ್ದುದನ್ನು ನೋಡಿ ನಾಟಕಕಾರನಿಗೇ ಭಯವಾಗಿತ್ತು. ಕೊರೆಯುವ ಚಳಿ, ಜನವಿಲ್ಲ, ನಾಟಕ ನಿಲ್ಲಿಸುವ ಮಾತೂ ನಡೆದಿತ್ತು. ‘ಟ್ರಿಬ್ಯೂನ್’ ಪತ್ರಿಕೆಯ ವಿಮರ್ಶಕಿ ಕ್ಲೌಡಿಯಾ ಕ್ಯಾಸಿಡಿ ಬಿಡದೆ ಬರೆದು ಬರೆದು ಜನರನ್ನು ಕರೆತಂದಳು. ನ್ಯೂಯಾರ್ಕಿನ ಪ್ಲೇಹೌಸ್‌ಗೆ ಅದು ಬಂದದ್ದು 1945ರ ಮಾರ್ಚ್ 31ಕ್ಕೆ. ಆ ರಾತ್ರಿ ಲಾರೆಟ್‌ಗೆ ವಾಂತಿ ನಿಲ್ಲುತ್ತಿರಲಿಲ್ಲ. ಸೈಡ್‌ವಿಂಗಿನಲ್ಲಿ ಬಕೆಟ್ ಇಟ್ಟುಕೊಂಡೇ ತಾಯಿ ಅಮಾಂಡಾಳ ಪಾತ್ರ ಮುಗಿಸಿದರು.

ಪ್ರಮೀಳಾ: ಅಯ್ಯೋ! ಇದು ಫಾರ್ವರ್ಡಿಗಿಂತ ಚೆನ್ನಾಗಿದೆಯಲ್ಲೇ.

ನಾಗರಾಜ: ಆಯಿತು, ವಿವರ ತಪ್ಪಿರಬಹುದು. ಕುಡಿತದಿಂದ ಪ್ರತಿಭೆ ಹಾಳಾಯಿತು ಎನ್ನುವುದಾದರೂ ನಿಜ ತಾನೆ?

ವಸುಧಾ: ಅರ್ಧ ನಿಜ. ನನ್ನ ಕೋಪ ಇರುವುದೇ ಅಲ್ಲಿ. ಕುಡಿತ ಕಿತ್ತುಕೊಂಡ ವರ್ಷಗಳಿಗೆ ಎಲ್ಲರೂ ಮರುಗುತ್ತಾರೆ. ಅದಕ್ಕೂ ಮುಂಚೆ, 1912ರಿಂದ 1928ರವರೆಗೆ, ಆಕೆ ಹೆಚ್ಚಾಗಿ ಅಭಿನಯಿಸಿದ್ದು ಗಂಡ ಬರೆದ ನಾಟಕಗಳಲ್ಲಿ. ಬಹುತೇಕ ತೆಳು ನಾಟಕಗಳು. ಇವಳಿಗೆ ತಕ್ಕ ಪಾತ್ರ ಎಲ್ಲಿ ಎಂದು ಆಗಿನ ವಿಮರ್ಶಕರೇ ಗೊಣಗುತ್ತಿದ್ದರು. ಆ ನಷ್ಟಕ್ಕೆ ಫಾರ್ವರ್ಡ್ ಇಲ್ಲ, ಏಕೆಂದರೆ ಅದನ್ನು ಪತಿಭಕ್ತಿ ಎನ್ನುತ್ತೀರಿ.

ನಾಗರಾಜ: ಇದು ಅನ್ಯಾಯ. ‘ಪೆಗ್ ಓ ಮೈ ಹಾರ್ಟ್’ ಬರೆದವನು ಯಾರು? ಅದೇ ಗಂಡ. ನ್ಯೂಯಾರ್ಕಿನಲ್ಲಿ ಆರುನೂರಕ್ಕೂ ಹೆಚ್ಚು ಪ್ರದರ್ಶನ. ಈಗ ತಾನೆ ಹುಡುಕಿ ಓದಿದೆ. ಆ ನಾಟಕವಿಲ್ಲದಿದ್ದರೆ ಲಾರೆಟ್ ಟೇಲರ್ ಎಲ್ಲಿರುತ್ತಿದ್ದಳು?

ವಸುಧಾ: ಅದನ್ನು ಒಪ್ಪುತ್ತೇನೆ. ‘ಪೆಗ್’ ಕೊಟ್ಟದ್ದು ಅವನೇ. ಆಮೇಲೂ ಜನ ಅದರ ನಾಯಕಿ ಪೆಗ್‌ಳನ್ನೇ ಕೇಳಿದರು, ಅವನೂ ಅದೇ ಜಾಡು ಹಿಡಿದ. 1922ರ ಮೂಕಿ ಚಿತ್ರದಲ್ಲಿ ನಲವತ್ತರ ಹತ್ತಿರದ ಹೆಂಗಸು ಹದಿಹರೆಯದ ಪೆಗ್ ಆಗಬೇಕಾಯಿತು!

ಕಿರಣ್: ವಸುಧಾ ಅಕ್ಕ, ನಡುವೆ ಬಾಯಿ ಹಾಕುತ್ತಿದ್ದೇನೆ. ಲಾರೆಟ್ ಮಾಡಿದ ಅಮಾಂಡಾ ಪಾತ್ರದ ಚಿತ್ರೀಕರಣವೇ ಇಲ್ಲ ಎನ್ನುತ್ತಾರೆ. ಆಕೆ ಎಲ್ಲರಿಗಿಂತ ದೊಡ್ಡ ನಟಿ ಎನ್ನುವ ಹಳಬರ ಮಾತನ್ನು ನೋಡದೆಯೇ ಒಪ್ಪಬೇಕೆ? ಹಳಬರಿಗೆ ಹಳೆಯದೆಲ್ಲ ಚಿನ್ನ.

ವಸುಧಾ: ಒಪ್ಪಬೇಡ. 1938ರಲ್ಲಿ ಸೆಲ್ಜ್ನಿಕ್ ಸಿನಿಮಾ ಕಂಪನಿಗಾಗಿ ಆಕೆ ಕೊಟ್ಟ ಸ್ಕ್ರೀನ್ ಟೆಸ್ಟ್ (ಪಾತ್ರಕ್ಕೆ ಆರಿಸಲು ತೆಗೆಯುವ ಪರೀಕ್ಷಾ ಚಿತ್ರ) ಉಳಿದಿದೆ, ಅದನ್ನು ನೋಡು. ಕೆಲವೇ ನಿಮಿಷ. ಎದುರಿನವರ ಮಾತನ್ನು ಕೇಳಿ ಆಮೇಲೆ ಬಾಯಿ ತೆರೆಯುತ್ತಾರೆ. ನಮ್ಮ ತಂಡದಲ್ಲಿ ಎದುರಿನವರ ಮಾತು ಮುಗಿಯಲು ಎಷ್ಟು ಮಂದಿ ಕಾಯುತ್ತಿದ್ದರು? ಟೆಸ್ಟ್ ಕೊಟ್ಟ ಆ ಸಿನಿಮಾ ಪಾತ್ರ ಮಾತ್ರ ಬೇರೆಯವರ ಪಾಲಾಯಿತು. ‘ಮೆನಾಜರಿ’ ಸಿನಿಮಾ ಬಂದದ್ದು 1950ರಲ್ಲಿ. ಈಕೆ 1946ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು.

ಕಿರಣ್: ನೋಡಿದೆ. ನಟಿಸುತ್ತಿರುವಂತೆಯೇ ಕಾಣುವುದಿಲ್ಲ. ಇದು ಹೊಗಳಿಕೆಯೋ ದೂರೋ ಗೊತ್ತಿಲ್ಲ ಅಕ್ಕ, ಅಮಾಂಡಾ ಬಗ್ಗೆ ಇದರಿಂದ ಏನೂ ಸಾಬೀತಾಗುವುದಿಲ್ಲ.

ನಾಗರಾಜ: ತಿದ್ದಿದ್ದೇನೆ: ‘ಗಂಡ ಸತ್ತ ದುಃಖದಲ್ಲಿ ಕುಡಿತಕ್ಕೆ ಬಿದ್ದ ನಟಿ ಲಾರೆಟ್ ಟೇಲರ್ ಷಿಕಾಗೊ ಚಳಿಯಲ್ಲಿ ಎದ್ದು ನಿಂತಳು. ಮನಸ್ಸಿದ್ದರೆ ಮಾರ್ಗ!’ ಈಗ ಸರಿಯೇ?

ವಸುಧಾ: ವಿಮರ್ಶಕಿಯ ಹೆಸರು ಹಾಕು. ‘ಮಾರ್ಗ’ ತೆಗೆ.

ನಾಗರಾಜ: ಹೆಸರು ಹಾಕುತ್ತೇನೆ. ‘ಮಾರ್ಗ’ ಇರಲಿ.