ನೆ ವಿನ್‌ರದ್ದು 'ಹಂಗಾಮಿ' ಸರ್ಕಾರ ಅನ್ನಬಹುದೇ? 'ನಾಗರಿಕ ಸರ್ಕಾರ' ಸರಿಯೇ?

ಎಲ್ಲರಿಗೂ ನಮಸ್ಕಾರ. ಬರ್ಮಾದ (ಈಗಿನ ಮ್ಯಾನ್ಮಾರ್) 1958–60ರ ಬಗ್ಗೆ ಬರೆಯುತ್ತಿದ್ದೇನೆ, ಎರಡು ಪದಗಳು ಕಾಡುತ್ತಿವೆ.

ಸಂದರ್ಭ ಇಷ್ಟು. ಪ್ರಧಾನಿ ಊ ನು ಅವರ ಪಕ್ಷ 1958ರಲ್ಲಿ ಎರಡು ಹೋಳಾಯಿತು. ಅವಿಶ್ವಾಸ ಮತದಲ್ಲಿ ಅವರು ಹೇಗೋ ಪಾರಾದರು, ಆದರೆ ಸರ್ಕಾರ ನಡೆಸುವುದು ಕಷ್ಟವಾಯಿತು. ಕೊನೆಗೆ ಸೇನೆಯ ಮುಖ್ಯಸ್ಥ ನೆ ವಿನ್ ಅವರನ್ನೇ ಕರೆದು, ಆರು ತಿಂಗಳಲ್ಲಿ ಚುನಾವಣೆ ನಡೆಸಿಕೊಡಿ ಅಂದರು. (ಊ ನು ಅವರಾಗೇ ಕರೆದರೋ, ಕರೆಯುವ ಹಾಗೆ ಸೇನೆಯವರು ಮಾಡಿದರೋ, ಅದು ಬೇರೆ ಜಗಳ.) ಅಕ್ಟೋಬರ್ 28ರಂದು ಸಂಸತ್ತೇ ನೆ ವಿನ್‌ರನ್ನು ಪ್ರಧಾನಿಯಾಗಿ ಆರಿಸಿತು. ಆರು ತಿಂಗಳು ಅಂದದ್ದು ಹದಿನೇಳು ತಿಂಗಳಾಯಿತು, ಅದಕ್ಕಾಗಿ ಸಂವಿಧಾನವನ್ನೂ ತಿದ್ದಿದರು.

ಇದನ್ನು ಕ್ಷಿಪ್ರಕ್ರಾಂತಿ ಅನ್ನೋಕಾಗಲ್ಲ, ಸಂಸತ್ತಿನ ಒಪ್ಪಿಗೆ ಇತ್ತಲ್ಲ. 'ಹಂಗಾಮಿ ಸರ್ಕಾರ' ಅಂದರೆ? ನಮ್ಮಲ್ಲಿ ಹಂಗಾಮಿ ಮುಖ್ಯಮಂತ್ರಿ ಅಂದರೆ ರಾಜೀನಾಮೆ ಕೊಟ್ಟು, ಹೊಸಬರು ಬರುವವರೆಗೆ ಸುಮ್ನೆ ಕುರ್ಚಿಯಲ್ಲಿ ಕೂತಿರುವವರು, ದೊಡ್ಡ ತೀರ್ಮಾನಕ್ಕೆ ಕೈ ಹಾಕದವರು. ನೆ ವಿನ್ ಸುಮ್ನೆ ಕೂರಲಿಲ್ಲ. ರಂಗೂನಿನ ಗುಡಿಸಲುಗಳನ್ನು ಕಿತ್ತು ಅಲ್ಲಿದ್ದವರನ್ನು ಊರಾಚೆಯ ಒಕ್ಕಲಪ, ತಾಕೇತ ಬಡಾವಣೆಗಳಿಗೆ ಸಾಗಿಸಿದರು, ಬೀದಿ ಗುಡಿಸಿಸಿದರು. 1959ರಲ್ಲಿ ಶಾನ್ ನಾಡಿನ ವಂಶಪಾರಂಪರ್ಯ ಒಡೆಯರ ಅಧಿಕಾರವನ್ನೂ ಬಿಡಿಸಿದರು. ಇನ್ನು 'ಉಸ್ತುವಾರಿ ಸರ್ಕಾರ' ಅಂದ್ರೆ ಓದುಗರಿಗೆ ಜಿಲ್ಲಾ ಉಸ್ತುವಾರಿ ಸಚಿವರೇ ಕಣ್ಣಮುಂದೆ ಬರ್ತಾರೆ.

ಬರ್ಮೀಯರು ಇದನ್ನು 'ಎಯ್ನ್ ಸೌಂಗ್ ಅಸೋಯ' ಅನ್ನುತ್ತಾರೆ. ಎಯ್ನ್ ಅಂದ್ರೆ ಮನೆ, ಸೌಂಗ್ ಅಂದ್ರೆ ಕಾಯುವುದು, ಅಸೋಯ ಅಂದ್ರೆ ಸರ್ಕಾರ. ಹಾಗಾಗಿ 'ಕಾವಲು ಸರ್ಕಾರ' ಅನ್ನೋಣ ಅಂತ ನನಗೆ ಆಸೆ. ಸ್ವಲ್ಪ ಪೊಲೀಸ್ ವಾಸನೆ ಬರುತ್ತೆ, ನಿಜ, ಆದರೆ ಇಲ್ಲಿ ಅದೂ ಹೊಂದುತ್ತೆ ಅಲ್ವಾ?

ಎರಡನೆಯದು ಇನ್ನೂ ತಲೆನೋವು. 1960ರ ಫೆಬ್ರವರಿ ಚುನಾವಣೆಯಲ್ಲಿ (ಅಲ್ಲಿ ಪಕ್ಷಕ್ಕೊಂದು ಮತಪೆಟ್ಟಿಗೆ) ಊ ನು ಪಕ್ಷದ ಪೆಟ್ಟಿಗೆ ಹಳದಿ, ಭಿಕ್ಷುಗಳ ಬಟ್ಟೆಯ ಬಣ್ಣ, ಮೇಲೆ ಅವರದೇ ಚಿತ್ರ. ಭಾರಿ ಗೆಲುವು. ಏಪ್ರಿಲ್‌ನಲ್ಲಿ ನೆ ವಿನ್ ಅಧಿಕಾರ ಬಿಟ್ಟುಕೊಟ್ಟರು. ನಮ್ಮ ಪತ್ರಿಕೆಗಳ ರೂಢಿಯಲ್ಲಿ 'ನಾಗರಿಕ ಸರ್ಕಾರ ಮರಳಿತು' ಅನ್ನಬೇಕು. ಆದರೆ ನಾಗರಿಕ ಅಂದ್ರೆ ಸಭ್ಯ ಅಂತಲೂ ಆಗುತ್ತೆ, ಅಲ್ಲಿವರೆಗೆ ಅನಾಗರಿಕ ಸರ್ಕಾರ ಇತ್ತು ಅಂದಹಾಗೆ ಕೇಳಿಸುತ್ತೆ. 'ಪೌರ' ಹಾಕಿದರೆ ನಗರಸಭೆ. (ರಂಗೂನಿನಲ್ಲಿ ಪೌರಾಡಳಿತವನ್ನೂ ಸೇನೆಯ ಕರ್ನಲ್ ಒಬ್ಬರು ನಡೆಸುತ್ತಿದ್ದರು ಅನ್ನೋದು ತಮಾಷೆ.) ಅದಕ್ಕಿಂತ ಜಾಸ್ತಿ ತೊಡಕು ಏನಂದ್ರೆ, ನೆ ವಿನ್ ಸಂಪುಟದಲ್ಲಿದ್ದ ಮಂತ್ರಿಗಳು ಬಹುಪಾಲು ನ್ಯಾಯಾಧೀಶರು, ಅಧಿಕಾರಿಗಳು, ಸಮವಸ್ತ್ರ ಇಲ್ಲದವರೇ. ಅಲ್ಲಿ ಇಲ್ಲದೇ ಇದ್ದವರು ರಾಜಕಾರಣಿಗಳು. ಹಾಗಾಗಿ 1960ಕ್ಕೆ 'ಪಕ್ಷದ ಸರ್ಕಾರ ಮರಳಿತು' ಅನ್ನೋದೇ ನನಗೆ ಹತ್ತಿರ ಅನಿಸುತ್ತೆ.

1962ರ ಮಾರ್ಚ್ 2ರಂದು ನೆ ವಿನ್ ಊ ನು ಸರ್ಕಾರವನ್ನು ಉರುಳಿಸಿದ್ದಕ್ಕೆ ಇಂಥ ತಕರಾರಿಲ್ಲ, ಅದು ನೇರವಾಗಿ ಕ್ಷಿಪ್ರಕ್ರಾಂತಿ, ಆಮೇಲಿನದ್ದು ಸೇನಾಡಳಿತ.

ಆ ಕಾಲದ ಕನ್ನಡ ಪತ್ರಿಕೆಗಳು ಯಾರ ಹತ್ತಿರವಾದರೂ ಇದ್ದರೆ, ಆಗ ಈ ಎರಡಕ್ಕೆ ಏನೆಂದು ಬರೆದಿದ್ದರು ಅಂತ ನೋಡಿ ಹೇಳ್ತೀರಾ?